ಯೋಧನ ಬಾಟಲಿ, ಹೆಂಡತಿಯ ಮಾತು



ಇವತ್ತು ಒಂದು ಬಾಟಲಿಯ ಬಗ್ಗೆ ಮಾತಾಡೋಣ. ಕಳ್ಳಭಟ್ಟಿ ಅಲ್ಲ, ಕಿರಾಣಿ ಅಂಗಡಿಯಲ್ಲಿ ಕದ್ದು ಮಾರೋ ಪ್ಯಾಕೆಟ್ಟೂ ಅಲ್ಲ. ಸೈನ್ಯದ ಕ್ಯಾಂಟೀನಿನಲ್ಲಿ ಕಾರ್ಡ್ ತೋರಿಸಿ, ಬಿಲ್ ಹಾಕಿಸಿಕೊಂಡು ತಂದ ಬಾಟಲಿ. ಜನ ಪ್ರೀತಿಯಿಂದ ಕರೆಯೋ ಹಾಗೆ, ಮಿಲಿಟರಿ ರಮ್.

ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂಥ ಊರಿಗೆ ಒಬ್ಬ ಯೋಧ ರಜೆಗೆ ಬಂದ ಅಂದ್ಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲೇ ಗೆಳೆಯರು ಕೇಳೋದೇನು? "ಗಡಿಯಾಗ ಹ್ಯಾಂಗೈತಪಾ?" ಅಂತಲ್ಲ. "ಬಾಟ್ಲಿ ತಂದೀಯಿಲ್ಲೋ?" ಅಂತ. ಮೊದಲ ರಾತ್ರಿ ಗೆಳೆಯರ ಜೊತೆ, ಎರಡನೇ ರಾತ್ರಿ ಸಂಬಂಧಿಕರ ಜೊತೆ. ಮೂರನೇ ರಾತ್ರಿ ಯಾರೂ ಇಲ್ಲ, ಆದ್ರೂ ಬಾಟಲಿ ಇದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಿರೋ ಹೆಂಡತಿ ಇದನ್ನೆಲ್ಲ ಎಣಿಸ್ತಾ ಇರ್ತಾಳೆ. ಆಕೆಯನ್ನು ಯಾರಾದರೂ ಕೇಳಿದ್ದೀವಾ?

ಲೆಕ್ಕ ನೋಡಿ. ಒಬ್ಬ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅಂದರೆ ಹೆಂಡತಿ ಊರಲ್ಲೇ ಇದ್ದರೆ, ಹನ್ನೆರಡು ತಿಂಗಳ ಸಂಸಾರವನ್ನು ಮೂರು ತಿಂಗಳಲ್ಲಿ ಮಾಡಿ ಮುಗಿಸಬೇಕು. ಆ ಮೂರು ತಿಂಗಳಲ್ಲಿ ಜಗಳ ಮಾಡೋಕೆ ಯಾರಿಗೆ ಮನಸ್ಸಿರುತ್ತೆ? "ಇರಲಿ ಬಿಡು, ದಣಿದು ಬಂದಾರ" ಅಂತ ಆಕೆ ಸುಮ್ಮನಾಗ್ತಾಳೆ. ಆ ಮೌನದಲ್ಲೇ ಚಟ ಬೇರು ಬಿಡುತ್ತೆ.

ಇನ್ನು ಕಾನೂನು. 1950ರ ಸೇನಾ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ, ಕುಡಿದು ಅಮಲಿನಲ್ಲಿ ಸಿಕ್ಕಿಬಿದ್ದರೆ ಅಪರಾಧ. ಡ್ಯೂಟಿಯಲ್ಲಿರಲಿ, ಇಲ್ಲದಿರಲಿ. ಒಂದು ಕೈಯಲ್ಲಿ ಕೋಟಾ, ಇನ್ನೊಂದು ಕೈಯಲ್ಲಿ ಕೋರ್ಟ್ ಮಾರ್ಷಲ್. ನಡುವೆ ಒಂದು ಉದ್ಯೋಗ, ಒಂದು ಪಿಂಚಣಿ, ಒಂದು ಸಂಸಾರ.

ಹಾಗಾದರೆ ಕುಡಿಯೋರೆಲ್ಲ ಕುಡುಕರಾ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಎಷ್ಟು ದಿನಕ್ಕೊಮ್ಮೆ ಕುಡೀತೀರಿ, ಕೂತಾಗ ಎಷ್ಟು ಕುಡೀತೀರಿ, ರಾತ್ರಿ ನಡೆದದ್ದು ಬೆಳಗ್ಗೆ ನೆನಪಿರುತ್ತಾ, ಇಂಥ ಪ್ರಶ್ನೆಗಳು. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯದ ಗಂಟೆ. ಇಂಥವರಲ್ಲಿ ಅನೇಕರು ಬೆಳಗ್ಗೆ ಎದ್ದು ಪರೇಡಿಗೆ ನೆಟ್ಟಗೆ ನಿಲ್ಲೋರೇ. ನಾನು ಓದಿದ್ದು ಎಂಜಿನಿಯರಿಂಗ್. ಯಂತ್ರ ಸುಟ್ಟು ಹೋದ ಮೇಲೆ ಬಿಚ್ಚೋದು ರಿಪೇರಿ. ಶಬ್ದ ಬದಲಾದಾಗಲೇ ಬಿಚ್ಚೋದು ಸರ್ವಿಸ್. ಮನೆಯಲ್ಲಿ ಆ ಶಬ್ದ ಮೊದಲು ಕೇಳಿಸೋದು ಹೆಂಡತಿಗೆ.

ಆದರೆ ಕೇಳಿಸಿದ ಮೇಲೆ ಆಕೆ ಏನು ಮಾಡಬೇಕು? ನಮ್ಮ ಕಡೆ ಗೊತ್ತಿರೋದು ಮೂರೇ ದಾರಿ. ಬೈಯೋದು, ಬಾಟಲಿ ಬಚ್ಚಿಡೋದು, ದೇವರಿಗೆ ಹರಕೆ ಹೊರೋದು. ನಾಲ್ಕನೆಯದು ತುಂಬಾ ಅಪಾಯಕಾರಿ: ಗೊತ್ತಾಗದ ಹಾಗೆ ಸಾರಿನಲ್ಲಿ "ಕುಡಿತ ಬಿಡಿಸೋ ಪುಡಿ" ಕಲಸೋದು. ದಯವಿಟ್ಟು ಬೇಡ. ಡೈಸಲ್ಫಿರಾಮ್ ಅನ್ನೋ ಔಷಧಿ ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅದನ್ನು ವೈದ್ಯರು, ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡಬೇಕು.

ಹಾಗಾದರೆ ಐದನೇ ದಾರಿ ಇದೆಯಾ? ಇದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನಡೆದ, 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಚಿಕಿತ್ಸೆಗೆ ಸುತಾರಾಂ ಒಪ್ಪದ ಕುಡುಕರ ಮನೆಯವರು 130 ಮಂದಿ. ಮೂರು ಗುಂಪು. ನಿನ್ನ ಪಾಡು ನೀನು ನೋಡಿಕೋ ಅಂತ ಕಲಿತ ಗುಂಪಿನಲ್ಲಿ ಚಿಕಿತ್ಸೆಗೆ ಬಂದ ಕುಡುಕರು ಶೇ. 13. ಎಲ್ಲರೂ ಸೇರಿ ಎದುರಿಗೆ ಕೂರಿಸಿ ತರಾಟೆಗೆ ತಗೊಳ್ಳೋದನ್ನು ಕಲಿತ ಗುಂಪಿನಲ್ಲಿ ಶೇ. 30. ಮೂರನೇ ಗುಂಪಿನಲ್ಲಿ? ಶೇ. 64!

ಆ ಮೂರನೇ ಗುಂಪಿಗೆ ಕಲಿಸಿದ್ದೇನು ಗೊತ್ತಾ? ಕುಡಿದಾಗ ವಾದ ಮಾಡಬೇಡ. ಕುಡಿಯದೇ ಇದ್ದ ಸಂಜೆ ಖುಷಿಯಾಗಿ ಜೊತೆಗಿರು. ಕುಡಿದು ಮಾಡಿದ ಎಡವಟ್ಟನ್ನು ನೀನು ಮುಚ್ಚಿ ಹಾಕಬೇಡ. ಬೆಳಗ್ಗೆ, ತಲೆ ತಿಳಿಯಾಗಿದ್ದಾಗ, "ನೀವು ಹಿಂಗ, ನೀವು ಹಂಗ" ಅನ್ನೋ ಬದಲು "ರೀ, ನಿನ್ನೆ ರಾತ್ರಿ ನನಗ ಭಾಳ ಅಂಜಿಕಿ ಆತು" ಅಂತ ನಿನ್ನ ಮಾತು ಹೇಳು. ಇಷ್ಟೇ.

ಅಲ್ಲಿನ ಮಾಜಿ ಯೋಧರ ಆಸ್ಪತ್ರೆಯಲ್ಲಿ ತಿಮೋತಿ ಓಫಾರೆಲ್ ಎಂಬ ಮನಶ್ಶಾಸ್ತ್ರಜ್ಞರು ದಂಪತಿಗಳಿಗೆ ದಿನಕ್ಕೊಂದು ನಿಮಿಷದ ಮಾತು ಕಲಿಸಿದರು. ಗಂಡ ಹೇಳೋದು: ನಿನ್ನೆ ಕುಡಿದಿಲ್ಲ, ಇವತ್ತೂ ಕುಡಿಯಲ್ಲ. ಹೆಂಡತಿ ಹೇಳೋದು: ಒಳ್ಳೇದಾಯ್ತು. ಹಳೇ ಜಗಳ ತೆಗೆಯೋ ಹಾಗಿಲ್ಲ. ಲಡಾಖಿನಿಂದ ಹನುಮಸಾಗರಕ್ಕೆ ಬರೋ ರಾತ್ರಿ ಫೋನಿನಲ್ಲಿ ಈ ಒಂದು ನಿಮಿಷ ಸಿಗೋದಿಲ್ವಾ?

ಆದರೆ ಇಲ್ಲೊಂದು ಎಚ್ಚರಿಕೆ. ಗಂಡನ ಕುಡಿತ ಹೆಂಡತಿಯ ತಪ್ಪಲ್ಲ, ಬಿಡಿಸೋದು ಆಕೆಯೊಬ್ಬಳ ಹೊಣೆಯೂ ಅಲ್ಲ. ಕೈ ಎತ್ತೋ ಗಂಡನ ಮುಂದೆ ಈ ಯಾವ ಉಪಾಯವೂ ಬೇಡ. ಮೊದಲು ಸುರಕ್ಷತೆ, ಸಹಾಯಕ್ಕೆ 112 ಅಥವಾ 181. ಇನ್ನೊಂದು, ವರ್ಷಗಟ್ಟಲೆ ದಿನಾ ಕುಡಿದವರನ್ನು ಮನೆಯಲ್ಲೇ ದಿಢೀರ್ ಅಂತ ಬಿಡಿಸಲು ಹೋಗಬೇಡಿ. ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದು ಆಸ್ಪತ್ರೆಯಲ್ಲೇ ಆಗಬೇಕು.

ಸಹಾಯ ಇಲ್ಲ ಅಂತಲ್ಲ. ನಿಮ್ಹಾನ್ಸ್ ಜೊತೆಗೂಡಿ ನಡೆಯುವ ಟೆಲಿ ಮಾನಸ್, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. 2023ರ ಡಿಸೆಂಬರ್‌ನಲ್ಲಿ ಸೈನಿಕರು ಮತ್ತು ಅವರ ಕುಟುಂಬಕ್ಕಾಗಿಯೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಇದರ ವಿಶೇಷ ಘಟಕವೂ ಶುರುವಾಗಿದೆ. ಫೋನ್ ಮಾಡೋಕೆ ಗಂಡನೇ ಬೇಕಿಲ್ಲ, ಹೆಂಡತಿಯೂ ಮಾಡಬಹುದು.

ಕೊನೆಯದಾಗಿ ಸೇನೆಗೆ, ನಮ್ಮ ಸೈನಿಕ ಕಲ್ಯಾಣ ಇಲಾಖೆಗೆ ಒಂದು ಮಾತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ್ರು. ಯೋಧನ ಹೆಂಡತಿ ಎಲ್ಲಿಗೆ ನಡೆಯಬೇಕು? ಆಕೆಯ ಮನೆಗೆ ಬಾಟಲಿ ಬರೋದು ಗೌರವದ ಲೆಕ್ಕದಲ್ಲಿ. ಬಾಯಿ ಬಿಟ್ಟರೆ ಗಂಡನ ನೌಕರಿಗೆ ಕುತ್ತು ಅನ್ನೋ ಭಯ. ಆ ಭಯ ತೆಗೀರಿ. ಸಹಾಯ ಕೇಳಿದ ಮನೆಗೆ ಶಿಕ್ಷೆಯಿಲ್ಲ ಅನ್ನೋ ಭರವಸೆ ಕೊಡಿ. ಯೋಧನಿಗೆ ತರಬೇತಿ ಕೊಡ್ತೀರಿ, ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿ ಒಂದು ದಿನ ಇಬ್ಬರಿಗೂ ಕೊಡಿ. ಗಡಿ ಕಾಯೋನ ಮನೆಯನ್ನು ಒಬ್ಬಳೇ ಕಾಯ್ತಿರೋದು ಆಕೆ. ಆಕೆಗೂ ಒಂದು ಸೆಲ್ಯೂಟ್ ಜೊತೆಗೆ ಒಂದಿಷ್ಟು ಬಲ ಬೇಕು.

ಯೋಚನೆ ಮಾಡಿ.