ಕೊನೆ ಗೊತ್ತಿದ್ದೂ ನೋಡುವುದು



ಮೊನ್ನೆ ಭಾಲ್ಕಿಯ ಮನೆಯಲ್ಲಿ ಪವನ್ ಕುಮಾರ್ ಅವರ 2013ರ ‘ಲೂಸಿಯಾ’ ಚಿತ್ರವನ್ನು ಎರಡನೇ ಸಲ ನೋಡಿದೆ. ಮೊದಲ ಸಲ, ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಯ ಬಣ್ಣದ ಬದುಕೇ ನಿಜ, ಕಪ್ಪು-ಬಿಳುಪಿನ ತಾರಾ ಬದುಕು ಕನಸು ಎಂದು ನಂಬಿದ್ದೆ. ಕೊನೆಗೆ ಎಲ್ಲ ತಲೆಕೆಳಗಾಯಿತು. ಈ ಸಲ ಗುಟ್ಟು ಗೊತ್ತಿತ್ತು. ಆ ಟಾರ್ಚಿನ ಬೆಳಕು ಕಂಡಾಗಲೆಲ್ಲ ಕರುಳು ಚುರ್ ಎಂದಿತು: ಹೆಸರು, ಹಣ ಎಲ್ಲ ಇದ್ದವನು ಕನಸು ಕಂಡದ್ದು ಇಷ್ಟು ಸಣ್ಣ ಸುಖಕ್ಕೆ!

ಇದು ಸಿನಿಮಾಕ್ಕಷ್ಟೇ ಅಲ್ಲ. ಔರಾದ ಕಡೆಯ ಹಳ್ಳಿಗಳಲ್ಲಿ ಹರಿಶ್ಚಂದ್ರನ ಕಥೆ ಯಾರಿಗೆ ಗೊತ್ತಿಲ್ಲ? ಆದರೂ ಅವನ ಹೆಂಡತಿ ಚಂದ್ರಮತಿ ಮಗನ ಶವ ಹೊತ್ತು ಬಂದಾಗ ಕೇಳುವವರ ಸೆರಗು ಕಣ್ಣಿಗೆ ಹೋಗುತ್ತದೆ.

ಬೀದರಿನ ಮದರಸಾ ಮುಂದೆ ನಿಂತಾಗಲೂ ಹಾಗೇ. 1472ರಲ್ಲಿ ಅದನ್ನು ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ 1481ರಲ್ಲಿ ಖೊಟ್ಟಿ ಪತ್ರವೊಂದರ ಪಿತೂರಿಗೆ ಬಲಿಯಾದ. ಅದು ತಿಳಿದವರಿಗೆ ಮಿನಾರಿನಲ್ಲಿ ಉಳಿದ ನೀಲಿ ಹಂಚಿನ ಒಂದೊಂದು ಚೂರೂ ಬೇರೆ ಮಾತು ಹೇಳುತ್ತದೆ.

ಮೊದಲ ನೋಟ ‘ಮುಂದೇನು’ ಎಂದು ಓಡುತ್ತದೆ. ಎರಡನೆಯದು ‘ಯಾಕೆ ಹೀಗೆ’ ಎಂದು ನಿಲ್ಲುತ್ತದೆ. ಮನೆಯ ಹಿರಿಯರು ಹೇಳಿದ ಕಥೆಯನ್ನೇ ಮತ್ತೆ ಹೇಳತೊಡಗಿದರೆ, ಇಂದು ‘ಗೊತ್ತು’ ಎನ್ನದೆ ಕೇಳೋಣ.