ಗಣಿಯ ಬೆಳ್ಳಿ, ಗಣಿಯ ಚಿನ್ನ

ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ, ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ದಿಬ್ಬಗಳನ್ನು ಕಂಡಾಗಲೆಲ್ಲ ನನಗೆ ಅಥೆನ್ಸ್ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ಕ್ರಿ.ಪೂ. 483ರ ಸುಮಾರಿಗೆ ಅಥೆನ್ಸ್‌ನ ಲಾರಿಯಂ ಗಣಿಯಲ್ಲಿ ಬೆಳ್ಳಿಯ ಸಮೃದ್ಧ ನಿಕ್ಷೇಪ ಸಿಕ್ಕಿತು. ಆ ಹಣವನ್ನು ತಲೆಗೆ 10 ದ್ರಾಕ್ಮದಂತೆ ಹಂಚಿಕೊಳ್ಳೋಣ ಎಂಬ ಮಾತು ಬಂತು. ಅಲ್ಲಿನ ನಾಯಕ ಥೆಮಿಸ್ಟೋಕ್ಲಿಸ್ ಬೇಡ, ಹಡಗು ಕಟ್ಟೋಣ ಎಂದ. ನಾಗರಿಕರ ಸಭೆ ಒಪ್ಪಿತು. ಅದೇ ಹಡಗುಗಳು ಸಲಾಮಿಸ್‌ನ ಸಮುದ್ರಯುದ್ಧದಲ್ಲಿ ಪರ್ಷಿಯಾವನ್ನು ಸೋಲಿಸಿದವು. ಆದರೆ ಆ ಬೆಳ್ಳಿಯನ್ನು ಅಗೆದ ಗುಲಾಮರಿಗೆ ಸಭೆಯಲ್ಲಿ ಜಾಗವಿರಲಿಲ್ಲ. ಅಥೆನ್ಸನ್ನು ಹೊಗಳುವಾಗ ಇದನ್ನು ಮರೆಯಬಾರದು.

ನಮ್ಮಲ್ಲಿ? ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದವರ ಚಿನ್ನದ ಲೆಕ್ಕ ಲಂಡನ್ನಿನಲ್ಲಿ ನಡೆಯುತ್ತಿತ್ತು. 1930ರಲ್ಲಿ ಬೆರಳಚ್ಚಿನ ನೋಂದಣಿ ಬೇಡವೆಂದು ಕಾರ್ಮಿಕರು ಮುಷ್ಕರ ಹೂಡಿದರು. ಮಾತಾಡಲು ಸಭೆ ಇಲ್ಲದವರಿಗೆ ಉಳಿದದ್ದು ಅದೊಂದೇ ದಾರಿ. 1956ರಲ್ಲಿ ಗಣಿ ಮೈಸೂರು ಸರ್ಕಾರದ ಪಾಲಾಯಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 2001ರ ಫೆಬ್ರವರಿಯಲ್ಲಿ ಮುಚ್ಚಿತು.

ಹಾಗಾದರೆ ಸಭೆಯಲ್ಲಿ ಕೂರುವ ನಾಗರಿಕ ಯಾರು? ಆಳುವುದನ್ನೂ ಆಳಿಸಿಕೊಳ್ಳುವುದನ್ನೂ ಸರದಿಯಂತೆ ಕಲಿಯುವವನೇ ನಾಗರಿಕ ಎಂಬುದು ಅರಿಸ್ಟಾಟಲನ ವಿಚಾರ. ಅಧಿಕಾರಿಗಳನ್ನು ಆರಿಸಲು ಚುನಾವಣೆಗಿಂತ ಚೀಟಿ ಎತ್ತುವುದೇ ಹೆಚ್ಚು ಪ್ರಜಾಸತ್ತಾತ್ಮಕ ಎಂದೂ ಅವನು ಕಂಡಿದ್ದ. ಚೀಟಿಯ ಮಾತು ಇವತ್ತಿಗೆ ಅತಿಯೆನಿಸಬಹುದು. ಆದರೆ ಸಭೆ ನಮ್ಮ ಕಾನೂನಿನಲ್ಲೇ ಇದೆ. ಗಣಿಯ ಹತ್ತಿರದ ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲೂ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಮತ ಹಾಕಿ ಐದು ವರ್ಷ ಮಲಗುವ ನಮ್ಮ ಚಾಳಿಗೆ ನನಗೆ ಗೊತ್ತಿರುವ ಮದ್ದು ಇದೊಂದೇ.

ಮುಂದಿನ ಗ್ರಾಮಸಭೆಯ ಡಂಗುರ ಕೇಳಿದರೆ, ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ಕುಳಿತುಕೊಳ್ಳಿ.