ಸಂಶೋಧನೆ ಯಾರ ಸೊತ್ತು?

(ಗಿರಣಿ ಕೆಲಸಗಾರರ ಮತ್ತು ಸಣ್ಣ ವರ್ತಕರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲು ಅರ್ಧ ಎಳೆದು ಬಂದವರೂ ಇದ್ದೀರಿ. ಇಂಥ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ಸಂಶೋಧನೆಯ ಮಾತೆತ್ತಿದರೆ, 'ಅದು ನಮಗೇತಕ್ಕಪ್ಪಾ?' ಎಂದು ಕೇಳುವುದು ಸಹಜವೇ. ಪಿಎಚ್.ಡಿ. ಪ್ರಬಂಧವೆಂದರೆ ಒಬ್ಬ ಬರೆದು, ಇಬ್ಬರು ಓದಿ, ಆಮೇಲೆ ಗೆದ್ದಲು ಓದುವ ಪುಸ್ತಕವೆಂದು ನಮ್ಮಲ್ಲಿ ನಗೆಯಾಡುವವರುಂಟು. ಆ ನಗೆಯಲ್ಲಿ ಸ್ವಲ್ಪ ನಿಜವಿದೆ. ಪೂರ್ತಿ ನಿಜವಿಲ್ಲ. ಬಹು ದೂರ ಹೋಗುವುದು ಬೇಡ; ಧಾರವಾಡದ ಎರಡು ವಿಶ್ವವಿದ್ಯಾಲಯಗಳನ್ನೇ ತೆಗೆದುಕೊಂಡು ನೋಡೋಣ.

ಮೊದಲು ಹತ್ತಿಯ ಮಾತು. ನೂಲಿನ ನಂಬರು ಎಂದರೇನೆಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಒಂದು ಪೌಂಡು ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆಯೋ ಅದೇ ಅದರ ನಂಬರು. 80ನೆಯ ನಂಬರೆಂದರೆ ಒಂದು ಪೌಂಡಿನಲ್ಲಿ 67,200 ಗಜ. ಸುಮಾರು 38 ಮೈಲಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಹೋದಷ್ಟು ದಾರಿ! ಇಷ್ಟು ಸಣ್ಣ ನೂಲು ತೆಗೆಯಲು ಉದ್ದ ಎಳೆಯ ಹತ್ತಿ ಬೇಕು. ದೇಶ ಇಬ್ಭಾಗವಾದ 1947ರಲ್ಲಿ ಗಿರಣಿಗಳು ಬಹುಪಾಲು ನಮ್ಮ ಕಡೆ ಉಳಿದವು. ಒಳ್ಳೆಯ ಹತ್ತಿ ಬೆಳೆಯುವ ನೆಲದ ದೊಡ್ಡ ಭಾಗ ಆಚೆ ಹೋಯಿತು. ಉದ್ದೆಳೆ ಹತ್ತಿಗಾಗಿ ಈಜಿಪ್ಟ್, ಸುಡಾನ್‌ಗಳ ಕಡೆ ನೋಡುವುದು ನಮ್ಮ ಪಾಲಿಗೆ ಬಂದಿತು.

ಈ ಕೊರತೆಗೆ ಉತ್ತರ ಕೊಟ್ಟವರಲ್ಲಿ ಧಾರವಾಡದ ಹತ್ತಿ ತಜ್ಞ ಡಾ. ಬಿ. ಎಚ್. ಕಟರ್ಕಿಯವರು ಪ್ರಮುಖರು. ನಮ್ಮ ರೈತರಿಗೆ ಪರಿಚಯವಿದ್ದ ಲಕ್ಷ್ಮಿ ಹತ್ತಿಗೂ ಬೇರೆಯೇ ಜಾತಿಯ ಉದ್ದೆಳೆ ಹತ್ತಿಗೂ ಸಂಕರ ಮಾಡಿ, 1972ರಲ್ಲಿ 'ವರಲಕ್ಷ್ಮಿ' ಎಂಬ ತಳಿಯನ್ನು ಅವರು ಹೊರತಂದರು. 1981ರಲ್ಲಿ 'ಜಯಲಕ್ಷ್ಮಿ' ಎಂದು ಹೆಸರಾದ ಡಿಸಿಎಚ್-32 ಬಂದಿತು. ಗಿರಣಿಯಲ್ಲಿ ಸಣ್ಣ ನೂಲು ತಿರುಗಿತು. ಅಡತಿ ಅಂಗಡಿಯಲ್ಲಿ ಅಂಡಿಗೆಗೆ ಬೆಲೆ ಬಂದಿತು. ಇದು ಒಬ್ಬರ ಕೈಯಿಂದ ಒಂದು ದಿನದಲ್ಲಿ ಆಗುವ ಕೆಲಸವಲ್ಲ. ವರ್ಷಕ್ಕೊಂದೇ ಬೆಳೆ, ಒಂದು ಪ್ರಶ್ನೆಗೆ ಒಂದು ವರ್ಷಕ್ಕೊಂದೇ ಉತ್ತರ. ಗಿಡ ಗಿಡ ನೋಡಿ, ಕಾಯಿ ಎಣಿಸಿ, ಎಳೆ ಅಳೆದು ಬರೆದಿಡುವ ವಿದ್ಯಾರ್ಥಿಗಳ ಹಾಗೂ ಹೊಲದ ಕೂಲಿಯವರ ತಾಳ್ಮೆ ಇಂಥ ಕೆಲಸದ ಬೆನ್ನ ಹಿಂದೆ ಇರಲೇಬೇಕು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಸಂಕರ ತಳಿಯ ಬೀಜವನ್ನು ರೈತ ಮನೆಯಲ್ಲಿ ಕಟ್ಟಿಟ್ಟು ಬಿತ್ತಿದರೆ ಮರುವರ್ಷ ಅದೇ ಗುಣ ಬರುವುದಿಲ್ಲ. ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕು. ಆ ಬೀಜವನ್ನು ಮಾಡುವುದಾದರೂ ಹೇಗೆ? ಸಂಜೆ ಒಂದೊಂದು ಮೊಗ್ಗನ್ನೂ ಬಿಡಿಸಿ ಗಂಡು ಕೇಸರ ಕೀಳಬೇಕು; ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗವನ್ನು ತಂದು ಸವರಬೇಕು. ಇದಕ್ಕೆ ಯಂತ್ರವಿಲ್ಲ. ಹೆಂಗಸರ, ಎಷ್ಟೋ ಕಡೆ ಶಾಲೆ ಬಿಟ್ಟ ಮಕ್ಕಳ ಬೆರಳುಗಳೇ ಯಂತ್ರ. ಜಾಣ್ಮೆ ವಿಶ್ವವಿದ್ಯಾಲಯದ್ದು, ದುಡಿಮೆ ಬಡವರದ್ದು. ಲಾಭ ಮಾತ್ರ ಬೀಜ ಮಾರುವವನದು ಎಂದಾಗಬಾರದಲ್ಲವೇ?

2002ರಲ್ಲಿ ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. ಅದು ಕಂಪನಿಯ ಬೀಜ. ಅದಕ್ಕೆ ಬದಲಾಗಿ ರೈತರು ತಾವೇ ಬೀಜ ಉಳಿಸಿಕೊಳ್ಳಬಹುದಾದ ಬಿಟಿ ತಳಿಯೊಂದನ್ನು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿ ಸಿದ್ಧಪಡಿಸಿದವು. 2009ರಲ್ಲಿ ಆ ಬೀಜ ರೈತರ ಕೈಗೆ ಬಂದಿತು. ಅದೇ ವರ್ಷದ ಕೊನೆಗೆ ನಿಂತೂ ಹೋಯಿತು. ಕಂಪನಿಯ ಜೀನೇ ಅದರಲ್ಲಿ ಸೇರಿಕೊಂಡಿತ್ತೆಂದು 2012ರಲ್ಲಿ ಸೋಪೋರಿ ಸಮಿತಿ ಹೇಳಿತು. ಇದನ್ನು ಹೇಳುವಾಗ ನಮಗೆ ಸಂತೋಷವಿಲ್ಲ. ಸಾರ್ವಜನಿಕರ ಹಣದಿಂದ ನಡೆಯುವ ಪ್ರಯೋಗ ಎಡವಿದರೆ ಬಿದ್ದವರು ಕೇವಲ ಪ್ರಾಧ್ಯಾಪಕರಲ್ಲ, ನಾವೂ ಬಿದ್ದೆವು. ಸರಕಾರದ ಪ್ರಯೋಗಶಾಲೆ ಹಿಂದೆ ಸರಿದ ದಿನ ಬೀಜದ ಅಂಗಡಿಯಲ್ಲಿ ಬೆಲೆ ಕಟ್ಟುವವನಿಗೆ ಎದುರಾಳಿಯೇ ಇರುವುದಿಲ್ಲ.

ಇನ್ನು ಕನ್ನಡದ ಕಡೆ ಬರೋಣ. ವಚನಗಳನ್ನು ಹೇಳಿದವರು ಯಾರು? ನೇಯುವ ಜೇಡರ ದಾಸಿಮಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕದಿರಿನಲ್ಲಿ ನೂಲು ತೆಗೆಯುವ ಕದಿರೆ ರೆಮ್ಮವ್ವೆ. ನಮ್ಮ ನಿಮ್ಮಂಥ ಕಸುಬಿನವರೇ. ಈ ಮಾತುಗಳು ಓಲೆಗರಿಗಳಲ್ಲಿ ಮಲಗಿದ್ದವು. ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲದೆ ಅವನ್ನು ಹುಡುಕಿ ಅಚ್ಚು ಹಾಕಿದರು. ಮುಂದೆ ವಿದ್ವಾಂಸರು ಪಾಠ ಪಾಠ ಹೋಲಿಸಿ ತಿದ್ದಿದರು. 1993ರಲ್ಲಿ ಸರಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ತಂದಾಗ ಪ್ರಧಾನ ಸಂಪಾದಕರಾಗಿದ್ದವರು ಕರ್ನಾಟಕ ವಿಶ್ವವಿದ್ಯಾಲಯದ ಡಾ. ಎಂ. ಎಂ. ಕಲಬುರ್ಗಿಯವರು.

ಆ ಕಲಬುರ್ಗಿಯವರಿಗೆ ಸಿಕ್ಕಿದ್ದೇನು? ಶಾಸನ, ಹಸ್ತಪ್ರತಿಗಳನ್ನು ಓದಿ ತಮಗೆ ಕಂಡ ಸತ್ಯ ಬರೆದುದಕ್ಕೆ 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಬರೆದ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಿಗೇ ಬಂದು ಗುಂಡಿಕ್ಕಿ ಕೊಂದರು. ಅವರ ತೀರ್ಮಾನಗಳೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಪುಸ್ತಕಕ್ಕೆ ಪುಸ್ತಕದಿಂದ ಉತ್ತರ ಕೊಡಬಹುದು. ಪಿಸ್ತೂಲಿನಿಂದ ಉತ್ತರ ಕೊಡುವ ಊರಿನಲ್ಲಿ ನಾಳೆ ಗಿರಣಿಯ ಲೆಕ್ಕ ಕೇಳುವವನಿಗೂ ಉಳಿಗಾಲವಿಲ್ಲ.

ಕೊನೆಯದಾಗಿ ನಮ್ಮ ಎದೆಯ ಮಾತು. ಅಕ್ಷರಶಃ ಎದೆಯ ಮಾತು. ಬ್ಲೋರೂಮಿನಲ್ಲಿ, ಕಾರ್ಡಿಂಗ್ ಖಾತೆಯಲ್ಲಿ ಹತ್ತಾರು ವರ್ಷ ದುಡಿದವರಿಗೆ ವಾರದ ರಜೆ ಮುಗಿಸಿ ಬಂದ ಮೊದಲನೆಯ ದಿನವೇ ಎದೆ ಬಿಗಿಯುತ್ತದೆ. ಇದನ್ನು ಬೀಡಿಯ ಕೆಮ್ಮೆಂದು ತಳ್ಳಿಹಾಕುವವರಿದ್ದಾರೆ. 1950ರ ದಶಕದಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಾ. ಶಿಲ್ಲಿಂಗ್ ಎಂಬವರು ಲ್ಯಾಂಕಶೈರಿನ ಗಿರಣಿ ಕೆಲಸಗಾರರ ಬಳಿ ಹೋಗಿ, ಸೋಮವಾರ ಎದೆ ಬಿಗಿಯುತ್ತದೆಯೇ ಎಂಬ ಸರಳ ಪ್ರಶ್ನೆಯನ್ನು ಕ್ರಮವಾಗಿ ಕೇಳಿದರು. ಹತ್ತಿಯ ಧೂಳಿನ ರೋಗ, ಬಿಸಿನೋಸಿಸ್, ಇನ್ನೂ ಜೀವಂತವಾಗಿದೆಯೆಂದು ಜಗತ್ತಿಗೆ ಗೊತ್ತಾದುದು ಹಾಗೆ. ಕೆಲಸಗಾರನ ಕೆಮ್ಮು ವಿದ್ವಾಂಸನ ಕಿವಿಗೆ ಬಿದ್ದರೆ ಅದು ಸಾಕ್ಷ್ಯವಾಗುತ್ತದೆ. ಬೀಳದಿದ್ದರೆ ಬರೀ ಕೆಮ್ಮಾಗಿಯೇ ಉಳಿಯುತ್ತದೆ.

ಆದುದರಿಂದ ನಾವು ಕೇಳಬೇಕಾದುದು ಮೂರೇ ಮಾತು. ಪ್ರತಿಯೊಂದು ಪ್ರಬಂಧದ ಸಾರವನ್ನೂ ನಮಗೆ ತಿಳಿಯುವ ಕನ್ನಡದಲ್ಲಿ ಒಂದು ಪುಟವಾದರೂ ಅಚ್ಚುಮಾಡಲಿ. ಧಾರವಾಡದ ಕೃಷಿ ಮೇಳಕ್ಕೆ ರೈತರು ಜಾತ್ರೆಯಂತೆ ನೆರೆಯುತ್ತಾರೆ. ಅಂಥದೇ ಒಂದು ಮೇಳ ಕೆಲಸಗಾರರಿಗೂ ಅಂಗಡಿಕಾರರಿಗೂ ನಡೆಯಲಿ. ನಮ್ಮ ಪ್ರಶ್ನೆಗಳನ್ನು ಬರೆದುಕೊಳ್ಳುವ ವಿದ್ಯಾರ್ಥಿಗಳು ನಮ್ಮ ಗಿರಣಿಗೂ ಪೇಟೆಗೂ ಬರಲಿ. ಬೆಂಕಿಪೊಟ್ಟಣ ಕೊಳ್ಳುವ ಬಡವನೂ ತೆರಿಗೆಯಲ್ಲಿ ಆ ಕಟ್ಟಡಗಳ ಒಂದೊಂದು ಇಟ್ಟಿಗೆ ಹೊತ್ತಿದ್ದಾನೆ. ಒಳಗೆ ಏನು ನಡೆದಿದೆಯೆಂದು ಕೇಳುವುದು ಅವನ ಹಕ್ಕು.

ಸಂಶೋಧಕರಿಗೂ ಒಂದು ಮಾತು: ನಾಳೆಯೇ ಫಲ ಕೊಡಿ ಎಂದು ನಾವು ಪೀಡಿಸುವುದಿಲ್ಲ. ಹತ್ತಿಯ ಗಿಡಕ್ಕೂ ಓಲೆಗರಿಗೂ ಕಾಲ ಬೇಕೆಂದು ಬಲ್ಲೆವು. ನೀವು ನಿಜ ಹೇಳಿ. ನಿಮ್ಮ ಬಾಯಿ ಮುಚ್ಚಿಸಲು ಬಂದವರೆದುರು ನಾವು ನಿಲ್ಲುತ್ತೇವೆ.